ಹುಬ್ಬಳ್ಳಿಯಲ್ಲಿ ಹೊಲಿಸಿದ ಕ್ಯಾನ್ವಾಸ್ ಡೇರೆ: ಬಿರುಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ಬಳಸಿದ ಮೇಲೆ

ಗದಗ ಜಿಲ್ಲೆಯ ಡಂಬಳದ ಹತ್ತಿರ, ಕಪ್ಪತಗುಡ್ಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿರುವ ನಮ್ಮ ಹೊಲದಲ್ಲಿ ಕೃಷಿ ಹೊಂಡ ತೋಡಿಸಿ ಬದುವಿಗೆ ಕಲ್ಲು ಕಟ್ಟಿಸುವ ಕೆಲಸವಿದ್ದುದರಿಂದ, ಈ ವರ್ಷ ಮಾರ್ಚ್ ಮಧ್ಯದಿಂದ ಜೂನ್ ಮೊದಲ ವಾರದವರೆಗೆ ನಾನು ಡೇರೆಯಲ್ಲೇ ವಾಸವಾಗಿದ್ದೆ. ಗುಡ್ಡ 2019ರಿಂದ ವನ್ಯಜೀವಿ ಧಾಮವಾಗಿರುವುದರಿಂದ ಅರಣ್ಯದ ಅಂಚಿನೊಳಗೆ ಡೇರೆ ಹಾಕುವ ಯೋಚನೆಯನ್ನು ಯಾರೂ ಮಾಡಬಾರದು. ಸ್ವಂತ ಹೊಲವೋ, ಒಪ್ಪಿಗೆ ಪಡೆದ ಪರಿಚಿತರ ಹೊಲವೋ ಆಗಿರಬೇಕು.

ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದು ನಾಲ್ಕು ಜನರಿಗೆ ಸಾಲುವ, ಗುಮ್ಮಟದಾಕಾರದ ಪಾಲಿಯೆಸ್ಟರ್ ಡೇರೆ. ಅದು 3000 ಮಿಲಿಮೀಟರ್ ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎಂದು ಚೀಲದ ಮೇಲೆ ದೊಡ್ಡ ಅಕ್ಷರಗಳಲ್ಲಿತ್ತು, ನಾನೂ ಅದನ್ನೇ ನೋಡಿ ಕೊಂಡಿದ್ದೆ. ಚಳಿ ಮಳೆಯ ನಾಡಿನಲ್ಲಿ ಎರಡು ರಾತ್ರಿ ತಂಗುವವರಿಗೆ ಆ ಅಂಕಿ ಮುಖ್ಯವಿರಬಹುದು. ನಮ್ಮ ಬಯಲುಸೀಮೆಯಲ್ಲಿ ಬೆಳಗಿನ ಒಂಬತ್ತು ಗಂಟೆಗೇ ಒಳಗೆ ಕೂರಲಾಗುತ್ತಿರಲಿಲ್ಲ. ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ಬೇವಿನ ನೆರಳಿನಲ್ಲಿ 38 ಡಿಗ್ರಿ ತೋರಿಸಿದ ಅದೇ ಉಷ್ಣಮಾಪಕ ಡೇರೆಯೊಳಗೆ 47 ಡಿಗ್ರಿ ತೋರಿಸಿತು. ಬಟ್ಟೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಸೊರಗುವುದೂ ಇದೆ. ತಿಂಗಳುಗಟ್ಟಲೆ ಬಿಸಿಲಲ್ಲೇ ನಿಲ್ಲಿಸಲು ಇಂಥ ತೆಳುವಾದ ಬಟ್ಟೆ ತಕ್ಕುದಲ್ಲ.

ಮೂರನೆಯ ವಾರಕ್ಕೆ ಹುಬ್ಬಳ್ಳಿಗೆ ಹೋಗಿ, ಲಾರಿಗಳಿಗೆ ತಾಡಪತ್ರಿ ಹೊಲಿಯುವ ಅಂಗಡಿಯೊಂದರಲ್ಲಿ ಹತ್ತಿಯ ಕ್ಯಾನ್ವಾಸಿನ ಡೇರೆ ಹೊಲಿಸಿದೆ. ಅಗಲ 10 ಅಡಿ, ಉದ್ದ 12 ಅಡಿ, ನಡುವಿನ ಎತ್ತರ ಏಳೂವರೆ ಅಡಿ, ಪಕ್ಕದ ಗೋಡೆ 4 ಅಡಿ. ಬಟ್ಟೆ ಚದರ ಮೀಟರಿಗೆ ಸುಮಾರು 400 ಗ್ರಾಂ ತೂಗುವಂಥದ್ದು, ಬಣ್ಣ ಹಾಕದ ಮಾಸಲು ಬಿಳಿ. ಕಬ್ಬಿಣದ ಕೊಳವೆಗಳೂ ಸೇರಿ ತೂಕ ಸುಮಾರು 35 ಕಿಲೋ, ಖರ್ಚು 16,500 ರೂಪಾಯಿ. ಹೆಗಲ ಮೇಲೆ ಹೊತ್ತು ಚಾರಣಕ್ಕೆ ಹೋಗುವವರಿಗೆ ಇದು ಆಗದು. ಟ್ರ್ಯಾಕ್ಟರೋ ಟಂಟಮ್ಮೋ ಬೇಕೇ ಬೇಕು.

ಈ ಡೇರೆಯ ನಿಜವಾದ ಗುಣವಿರುವುದು ಅದರ ಎರಡನೆಯ ಚಾವಣಿಯಲ್ಲಿ. ಮೇ ತಿಂಗಳ ಮೊದಲ ವಾರದ ಹೊತ್ತಿಗೆ ಗದಗಿನ ಮೇಲೆ ಸೂರ್ಯ ನಡುನೆತ್ತಿಗೇ ಬಂದು ನಿಲ್ಲುವುದರಿಂದ, ಬಿಸಿಲಿನ ಹೊಡೆತವೆಲ್ಲ ಗೋಡೆಗಿಂತ ಚಾವಣಿಯ ಮೇಲೆಯೇ ಬೀಳುತ್ತದೆ. ಒಳ ಚಾವಣಿಯ ಮೇಲೆ ಒಂದು ಗೇಣಿಗೂ ಹೆಚ್ಚು ಅಂತರ ಬಿಟ್ಟು ಇನ್ನೊಂದು ಹೊದಿಕೆ ಎಳೆದು ಕಟ್ಟಿದರೆ, ಮೇಲಿನ ಬಟ್ಟೆ ಕಾದರೂ ನಡುವೆ ಹಾಯುವ ಗಾಳಿ ಆ ಕಾವನ್ನು ಒಯ್ಯುತ್ತದೆ. ಎರಡೂ ಬಟ್ಟೆ ಒಂದಕ್ಕೊಂದು ತಾಗಿದರೆ ಈ ಅನುಕೂಲವೆಲ್ಲ ಹೋಯಿತು. ಪಕ್ಕದ ಗೋಡೆಗಳನ್ನು ಸುತ್ತಿ ಮೇಲೆ ಕಟ್ಟುವಂತೆ ಹೊಲಿಸಿದ್ದೆ. ಹಾಗೆ ಕಟ್ಟಿಟ್ಟಾಗ ಒಳಗಿನ ಕಾವು ಬೇವಿನ ನೆರಳಿಗಿಂತ ಒಂದೆರಡು ಡಿಗ್ರಿಯಷ್ಟೇ ಹೆಚ್ಚಿರುತ್ತಿತ್ತು. ಹಣ ಕಡಿಮೆಯಿದ್ದವರು ಡೇರೆಯ ಅಳತೆಯನ್ನು ಕಿರಿದು ಮಾಡಿಕೊಳ್ಳಲಿ, ಎರಡನೆಯ ಚಾವಣಿಯನ್ನು ಮಾತ್ರ ಬಿಡದಿರಲಿ.

ಹಾಕುವ ದಿಕ್ಕನ್ನು ಕಲಿಸಿದವರು ನೆರೆಹೊಲದ ಹಿರಿಯರು. "ತಮ್ಮಾ, ಮೂಡಣ ಪಡುವಣ ಉದ್ದಕ ಹಾಕು, ಗಾಳಿ ಹಾದು ಹೋಗ್ಲಿ" ಎಂದರು. ಹಾಗೆ ಹಾಕಿದ್ದರಿಂದ ಬೆಳಗಿನ ಮತ್ತು ಸಂಜೆಯ ಓರೆಬಿಸಿಲು ಕಿರಿದಾದ ಬದಿಗಳಿಗೆ ಮಾತ್ರ ತಾಗಿತು. ಮೇ ತಿಂಗಳಲ್ಲಿ ಪಡುವಣ ಗಾಳಿ ಜೋರಾದಾಗ ಎರಡೂ ಬಾಗಿಲು ತೆರೆದರೆ ಅದು ಒಳಗಿಂದಲೇ ಹಾದುಹೋಗುತ್ತಿತ್ತು.

ಎರೆ ಹೊಲದಲ್ಲಿ ಗೂಟ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಆ ಮಣ್ಣು ಬಿರುಕು ಬಿಡುತ್ತದೆ, ಮಳೆ ಬಿದ್ದೊಡನೆ ಉಬ್ಬಿ ಕೆಸರಾಗುತ್ತದೆ. ಮಸಾರಿ ನೆಲಕ್ಕೆ ಸ್ಥಳ ಬದಲಿಸಿ, ಒಂದೂವರೆ ಅಡಿಯ ಕಬ್ಬಿಣದ ಗೂಟಗಳನ್ನು ಓರೆಯಾಗಿ ಬಡಿಸಿದ ಮೇಲೆ ನಿಶ್ಚಿಂತೆಯಾಯಿತು. ನೂಲಿನ ಹಗ್ಗ ನೆನೆದರೆ ಬಿಗಿದುಕೊಂಡು ಗೂಟವನ್ನೇ ಕೀಳುತ್ತದೆಯಾದ್ದರಿಂದ, ಮೋಡ ಕಟ್ಟುವುದನ್ನು ಕಂಡ ಕೂಡಲೇ ಹಗ್ಗವನ್ನು ತುಸು ಸಡಿಲಿಸಬೇಕು.

ಅಂಗಡಿಯವರ ಕೆಲಸದಲ್ಲಿ ಒಂದು ದೊಡ್ಡ ಕೊರತೆಯಿತ್ತು. ಹಗ್ಗ ಪೋಣಿಸುವ ಹಿತ್ತಾಳೆಯ ರಿಂಗುಗಳನ್ನು ಒಂದೇ ಪದರ ಬಟ್ಟೆಗೆ ಒತ್ತಿದ್ದರು. ಭರಣಿ ಮಳೆಯ ಮೊದಲ ಬಿರುಗಾಳಿಗೇ ಮೂರು ರಿಂಗು ಹರಿದುಬಂದವು, ನಡುರಾತ್ರಿ ನಾನು ಮತ್ತು ಕೆಲಸಕ್ಕಿದ್ದ ಹುಡುಗ ಕಂಬ ಹಿಡಿದು ನಿಲ್ಲಬೇಕಾಯಿತು. ಮರುದಿನ ಒಯ್ದಾಗ ಅವರು ತಕರಾರಿಲ್ಲದೆ ಪ್ರತಿ ರಿಂಗಿನಡಿ ಮೂರು ಪದರದ ತೇಪೆ ಹಾಕಿ, ಗೋಡೆಯ ಬುಡಕ್ಕೆ ಒಂದಡಿ ಅಗಲದ ಪಟ್ಟಿಯನ್ನೂ ಹೊಲಿದುಕೊಟ್ಟರು. ಆ ಪಟ್ಟಿಯನ್ನು ಒಳಕ್ಕೆ ಮಡಚಿ ಮೇಲೆ ಮಣ್ಣು ಹೇರಿದರೆ ಚೇಳು ನುಸುಳುವುದು ಬಹಳ ಕಡಿಮೆಯಾಗುತ್ತದೆ. ಹೊಲಿಸುವವರು ಇವೆರಡನ್ನೂ ಮೊದಲೇ ಹೇಳಿ ಬರೆಸಿಕೊಳ್ಳಬೇಕು. ಹೊಸ ಕ್ಯಾನ್ವಾಸನ್ನು ಬಳಸುವ ಮೊದಲು ಎರಡು ಮೂರು ಸಲ ಪೂರ್ತಿ ನೆನೆಸಿ ಒಣಗಿಸುವುದೂ ಅಗತ್ಯ. ನೂಲು ಉಬ್ಬಿ ಹೊಲಿಗೆಯ ತೂತುಗಳು ಮುಚ್ಚಿಕೊಳ್ಳುವುದು ಆಗಲೇ.

ಉಳಿದ ಸಾಮಾನಿನಲ್ಲಿ ಹೊರಸು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು: ಹೆಣೆದ ಹಗ್ಗದ ಸಂದಿನಿಂದ ಬೆನ್ನಿಗೆ ಗಾಳಿಯಾಡುತ್ತದೆ, ಮೈ ನೆಲದಿಂದ ಮೇಲಿರುತ್ತದೆ. ಗಾಳಿ ತುಂಬುವ ಹಾಸಿಗೆಯನ್ನು ಎರಡೇ ರಾತ್ರಿಗೆ ಮಡಚಿಟ್ಟೆ. ಕುಡಿಯುವ ನೀರಿಗೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹರವಿಯೇ ಸಾಕಾಯಿತು. ದಿನಕ್ಕೆ ಒಬ್ಬರಿಗೆ ಕುಡಿಯಲಿಕ್ಕೇ ಐದು ಲೀಟರ್ ಲೆಕ್ಕ ಹಿಡಿದಿದ್ದೆ. ದೀಪ, ಸಣ್ಣ ಫ್ಯಾನು ಮತ್ತು ಮೊಬೈಲಿಗೆ 50 ವ್ಯಾಟಿನ ಸೋಲಾರ್ ಫಲಕವಿತ್ತು. ಬ್ಯಾಟರಿಗೆ ಕಾವು ಆಗದು, ಅದನ್ನು ಹೊರಸಿನ ಕೆಳಗೆ ನೆರಳಲ್ಲಿ ಇಟ್ಟಿದ್ದೆ. ಅಡುಗೆಯನ್ನು ಮಾತ್ರ ಡೇರೆಯೊಳಗೆ ಎಂದೂ ಮಾಡಲಿಲ್ಲ, ಯಾರೂ ಮಾಡಬಾರದು: ಬೆಂಕಿಯ ಭಯ ಒಂದಾದರೆ, ಮುಚ್ಚಿದ ಜಾಗದಲ್ಲಿ ಕಟ್ಟಿಕೊಳ್ಳುವ ಇಂಗಾಲದ ಮಾನಾಕ್ಸೈಡಿನ ವಿಷ ಇನ್ನೊಂದು. ಹತ್ತು ಹೆಜ್ಜೆ ಆಚೆ, ಗಾಳಿ ಬೀಸುವ ಕಡೆಗೆ ಬೆನ್ನಾಗುವಂತೆ ಹಸಿರು ಶೇಡ್ ನೆಟ್ ಕಟ್ಟಿ ಒಲೆ ಹೂಡಿದ್ದೆವು.

ರೋಹಿಣಿ ಮಳೆಯಲ್ಲಿ ನೆನೆದ ಡೇರೆಯನ್ನು ಕಿತ್ತ ದಿನವೇ ಮಡಚಿಡಲಿಲ್ಲ. ಧಾರವಾಡದ ಮನೆಯ ಮಾಳಿಗೆಯ ಮೇಲೆ ಮೂರು ದಿನ ಹರವಿ, ಹೊಲಿಗೆಯ ಸಾಲುಗಳನ್ನು ಬೆರಳಿನಿಂದ ಮುಟ್ಟಿ ಪಸೆಯಿಲ್ಲವೆಂದು ಖಚಿತವಾದ ಮೇಲೆಯೇ ಸುತ್ತಿ ಅಟ್ಟಕ್ಕೇರಿಸಿದೆ. ಒಂದೆಡೆಯೂ ಬೂಸ್ಟು ಹಿಡಿದಿಲ್ಲ. ಮುಂದಿನ ಬೇಸಿಗೆಗೂ ಇದೇ ಡೇರೆ.