ಸಾಗರದ ಕೌದಿ ಅಕ್ಕ: 4,700 ರೂಪಾಯಿ ಜಾಸ್ತಿ ಅಲ್ಲ

ಹಳೆ ಸೀರೆ ತುಂಡು ಜೋಡಿಸಿ ಹೊಲಿಯುವ ಹೊದಿಕೆ, ಅದೇ ಕೌದಿ, ಒಂದಕ್ಕೆ 4,700 ರೂಪಾಯಿ ಅಂದಾಗ ನಾನೂ ಸುಮ್ಮನಾದೆ. ಸೀರೆ ನಮ್ಮದೇ, ಮತ್ತೆ ಇಷ್ಟು ಯಾಕೆ ಅನಿಸಿತು. ಅಮ್ಮಮ್ಮ ತೀರಿಕೊಂಡ ಮೇಲೆ ಅವರ ಕಾಟನ್ ಸೀರೆಗಳು ಟ್ರಂಕಿನಲ್ಲೇ ಇದ್ದವು, ಇನ್ನೊಂದು ಮಳೆಗಾಲ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ ಅಂತ ಆರು ಸೀರೆ ಆರಿಸಿಕೊಂಡು, ಸಾಗರದಲ್ಲಿ ಮನೆಯಲ್ಲೇ ಕೌದಿ ಹೊಲಿದು ಕೊಡುವ ಅಕ್ಕನ ಹತ್ತಿರ ಹೋಗಿದ್ದೆ.

ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ನೋಟ್‌ಬುಕ್ ತೆಗೆದು ನನ್ನ ಮುಂದೆಯೇ ಲೆಕ್ಕ ಬರೆದರು. ಅಗಲ 5 ಅಡಿ, ಉದ್ದ 7 ಅಡಿ. ಅರ್ಧ ಇಂಚಿಗೊಂದು ಸಾಲು ಕೈ ಹೊಲಿಗೆ, ಅಂದರೆ 120 ಸಾಲು, ಎಲ್ಲಾ ಸೇರಿ 840 ಅಡಿ. ಒಂದು ಸಾಲಿಗೆ ಅರ್ಧ ಗಂಟೆ ಹಿಡಿದರೆ 60 ಗಂಟೆ. ತುಂಡು ಕತ್ತರಿಸಿ ಮಿಷನ್‌ನಲ್ಲಿ ಜೋಡಿಸಲು ಇನ್ನು 6 ಗಂಟೆ. ಗಂಟೆಗೆ 60 ರೂಪಾಯಿಯಂತೆ 3,960. ಕೆಳಗೆ ಕೊಡುವ ಹೊಸ ಬಟ್ಟೆಗೆ 600, ದಾರಕ್ಕೆ 140. ಅಷ್ಟೇ.

ನಮ್ಮ ತೋಟದ ಕೆಲಸಕ್ಕೆ ಬರುವ ಹೆಂಗಸರಿಗೆ ನಾವು 8 ಗಂಟೆಗೆ 450 ಕೊಡುತ್ತೇವೆ. ಗಂಟೆಗೆ 56 ರೂಪಾಯಿ ಚಿಲ್ಲರೆ ಆಯಿತು. ಹಾಗಿರುವಾಗ ಇಷ್ಟು ನಾಜೂಕಿನ ಕೆಲಸಕ್ಕೆ 60 ಜಾಸ್ತಿ ಅಂತ ಯಾವ ಬಾಯಲ್ಲಿ ಹೇಳುವುದು? ಚೌಕಾಸಿ ಮಾಡದೆ ಅರ್ಧ ದುಡ್ಡು ಅಡ್ವಾನ್ಸ್ ಕೊಟ್ಟು ಬಂದೆ.

ಕೆಲಸ ತುಂಬಾ ಚೆನ್ನಾಗಿದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ, ಅಂದರೆ ಅವರ ಕೌದಿ, ನೋಡಿದ್ದೀರಲ್ವಾ, ಅದರ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತಿಕೊಂಡು ನಡುವಿಗೆ ಬರುತ್ತದೆ. ಇವರದು ಹಾಗಲ್ಲ, ಉದ್ದಕ್ಕೆ ಸೀದಾ ಸಾಲು. ಒಂದು ಕಡೆಯೂ ಬಟ್ಟೆ ಮುದುರಿಲ್ಲ, ಎರಡು ಸಲ ಒಗೆದರೂ ದಾರ ಬಿಟ್ಟಿಲ್ಲ. ನನಗೆ ಇನ್ನೂ ಖುಷಿಯಾಗಿದ್ದು ಬೇರೆ ವಿಷಯಕ್ಕೆ. ಕತ್ತರಿ ಹಾಕುವ ಮೊದಲು ಪ್ರತಿ ಸೀರೆಯ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿದರು, ಕೆಂಪು ಸೀರೆ ಬಣ್ಣ ಬಿಟ್ಟಿತು, ಇದು ಬೇಡ, ಒಂದೇ ಒಗೆತಕ್ಕೆ ಉಳಿದದ್ದನ್ನೆಲ್ಲ ಹಾಳು ಮಾಡುತ್ತದೆ ಅಂತ ವಾಪಸ್ ಕೊಟ್ಟರು. ಬೇಜಾರಾಯಿತು, ಆದರೆ ಅವರು ಮಾಡಿದ್ದೇ ಸರಿ.

ತೊಂದರೆ ಆಗಿದ್ದು ದಿನದ ವಿಷಯದಲ್ಲಿ. ಒಂದು ತಿಂಗಳು ಅಂದವರು ಮೂರು ವಾರ ತಡ ಮಾಡಿದರು. ಹೊಸ ಬಟ್ಟೆ ಮೊದಲೇ ಒಗೆದು ಒಣಗಿಸದಿದ್ದರೆ ಆಮೇಲೆ ಕುಗ್ಗಿ ಕೌದಿಯನ್ನೇ ಎಳೆಯುತ್ತದೆ, ಆಷಾಢದ ಮಳೆಯಲ್ಲಿ ಅದು ಒಣಗಬೇಕಲ್ಲ! ಕಾರಣ ಒಪ್ಪುತ್ತೇನೆ. ಆದರೆ ಒಂದು ಫೋನ್ ಮಾಡಬಹುದಿತ್ತು, ನಾನೇ ನಾಲ್ಕು ಸಲ ಮಾಡಬೇಕಾಯಿತು.

ಇನ್ನೊಂದು ಮಾತು, ಇದನ್ನು ಅಕ್ಕನಿಗೂ ಹೇಳಿದ್ದೇನೆ. ಮಗುವಿನ ಕೌದಿ, 3 ಅಡಿ ಅಗಲ 4 ಅಡಿ ಉದ್ದದ್ದು, 1,000 ರೂಪಾಯಿಗೆ ಕೊಡುತ್ತಾರೆ. ಚಿಕ್ಕದು ಅಂತ ಅಂದಾಜಿಗೆ ಹೇಳಿದ ರೇಟು ಅದು. ಅವರದೇ ಲೆಕ್ಕ ಹಾಕಿ ನೋಡಿ: 72 ಸಾಲು, 288 ಅಡಿ, ಇಪ್ಪತ್ತು ಗಂಟೆಗೂ ಮೇಲೆ. ಬರೀ ಕೈ ಹೊಲಿಗೆಯೇ 1,200 ದಾಟುತ್ತದೆ, ಬಟ್ಟೆ, ದಾರ ಬೇರೆ. ಬಾಣಂತಿ ಮನೆಗೆ ಉಡುಗೊರೆ ಕೊಡಲು ಜನ ಹೆಚ್ಚಾಗಿ ಕೇಳುವುದು ಅದನ್ನೇ, ಅಂದರೆ ಅವರಿಗೆ ಜಾಸ್ತಿ ನಷ್ಟ ಆಗುತ್ತಿರುವುದೂ ಅಲ್ಲೇ. ದೊಡ್ಡ ಕೌದಿಯಲ್ಲೂ ಕರೆಂಟು, ಮಿಷನ್ ರಿಪೇರಿ, ಪೇಟೆಗೆ ಓಡಾಡುವ ಖರ್ಚು ಯಾವುದೂ ಸೇರಿಲ್ಲ. ನೂರಕ್ಕೆ ಹತ್ತಾದರೂ ಸೇರಿಸಿ ಅಂದೆ. "ಅಷ್ಟು ಹೇಳಿದ್ರೆ ಯಾರೂ ಬರಲ್ಲ ತಂಗಿ" ಅಂದರು. ಬರುತ್ತಾರೆ. ನೋಟ್‌ಬುಕ್ ತೋರಿಸಿ ಸಾಕು, ನಾನು ಒಪ್ಪಿದ್ದೂ ಅದನ್ನು ನೋಡಿಯೇ.

ಕೊಡುವವರು ದೀಪಾವಳಿ ಕಳೆದ ಮೇಲೆ, ಬಿಸಿಲಿರುವಾಗ ಕೊಡಿ. ಕಾಟನ್ ಸೀರೆಯನ್ನೇ ಒಯ್ಯಿರಿ, ಪಾಲಿಸ್ಟರ್ ಜಾರುತ್ತದೆ ಅಂತ ಅವರು ತೆಗೆದುಕೊಳ್ಳುವುದಿಲ್ಲ. ತಂಗಿಯ ಮಗುವಿಗೆ ಅಂತ ನಾನು ಚಿಕ್ಕದೊಂದು ಹೇಳಿ ಬಂದಿದ್ದೇನೆ, 1,500ಕ್ಕೆ.