ಬಕ್ಕೂ ರೀಫಿನ ಗಾಜಿನ ತಳದ ದೋಣಿ: ಎರಡು ಸಲ ಹೋಗಿ ಬಂದ ಮೇಲೆ

ಕೆರಿಬಿಯನ್‌ನ ಟೊಬೇಗೊ ದ್ವೀಪಕ್ಕೆ ಹೋದವರು ಬಕ್ಕೂ ರೀಫ್ ಎಂಬ ಹವಳದ ದಿಬ್ಬಕ್ಕೆ ಹೋಗುವ ಗಾಜಿನ ತಳದ ದೋಣಿ ಹತ್ತಲೇಬೇಕು. ಆದರೆ ಯಾವ ದೋಣಿ, ಎಷ್ಟು ಹೊತ್ತಿಗೆ ಅನ್ನುವುದನ್ನು ನೋಡಿಕೊಂಡು ಹತ್ತಿ. ನಾವು ನಾಲ್ವರು ಗೆಳತಿಯರು ಜುಲೈ ತಿಂಗಳಲ್ಲಿ ಎಂಟು ದಿನ ಅಲ್ಲಿದ್ದೆವು. ಇದೇ ಸವಾರಿಯನ್ನು ಎರಡು ಸಲ ಮಾಡಿದೆವು. ಮೊದಲನೇ ಸಲ ಬೇಜಾರು ಮಾಡಿಕೊಂಡು ದಡಕ್ಕೆ ಬಂದೆವು. ಎರಡನೇ ಸಲ ದೋಣಿಯಿಂದ ಇಳಿಯಲು ಯಾರಿಗೂ ಮನಸ್ಸಿರಲಿಲ್ಲ.

ನಾಲ್ವರೂ ಸುರತ್ಕಲ್ಲಿನಲ್ಲಿ ಒಟ್ಟಿಗೆ ಓದಿದವರು. ಈಗ ಇಬ್ಬರು ನ್ಯೂಜೆರ್ಸಿಯಲ್ಲಿ, ಒಬ್ಬಳು ಟೊರಾಂಟೊದಲ್ಲಿ ಇದ್ದೇವೆ. ಶುಭಾ ಮಾತ್ರ ಬೆಂಗಳೂರಿನಿಂದ ಬಂದಳು. ಟೊಬೇಗೊವನ್ನೇ ಆರಿಸಿದ್ದಕ್ಕೆ ಎರಡು ಕಾರಣ. ಜೂನ್‌ನಿಂದ ನವೆಂಬರ್‌ವರೆಗೆ ಕೆರಿಬಿಯನ್‌ನಲ್ಲಿ ಚಂಡಮಾರುತದ ಕಾಲ. ಈ ದ್ವೀಪ ತೀರಾ ದಕ್ಷಿಣದಲ್ಲಿದೆ, ಹಾಗಾಗಿ ಅದರ ಹೊಡೆತ ಇಲ್ಲಿಗೆ ಕಡಿಮೆ. ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ, 1963ರಲ್ಲಿ ಫ್ಲೋರಾ ಎಂಬ ಚಂಡಮಾರುತ ಇಲ್ಲಿನ ಕಾಡನ್ನೇ ಮಲಗಿಸಿತ್ತು. ಎರಡನೇ ಕಾರಣ ಊಟ. ನಮ್ಮಲ್ಲಿ ಇಬ್ಬರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಟ್ರಿನಿಡಾಡ್ ಮತ್ತು ಟೊಬೇಗೊ ಒಂದೇ ದೇಶ, ಅಲ್ಲಿ ನಮ್ಮವರ ಅಡುಗೆ ಸಿಗುತ್ತದೆ ಎಂದು ಕೇಳಿದ್ದೆವು.

ನ್ಯೂಯಾರ್ಕಿನಿಂದ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ಗೆ ಸುಮಾರು ಐದು ಗಂಟೆ. ಅಲ್ಲಿಂದ ಟೊಬೇಗೊಗೆ ಸಣ್ಣ ವಿಮಾನದಲ್ಲಿ ಅರ್ಧ ಗಂಟೆಯೂ ಇಲ್ಲ. ಕ್ರೌನ್ ಪಾಯಿಂಟ್‌ನ ವಿಮಾನ ನಿಲ್ದಾಣದಿಂದ ಹೊರಗೆ ಬಂದರೆ ಸ್ಟೋರ್ ಬೇ ಬೀಚಿಗೆ ನಡೆದೇ ಹೋಗಬಹುದು. ಪೆಟ್ಟಿಗೆ ಎಳೆದುಕೊಂಡು ಸಮುದ್ರಕ್ಕೆ ಹೋಗಿ ನಿಂತೆವು. ಜುಲೈ ತಿಂಗಳು, ಆದರೂ ಅಲೆ ಕೆರೆಯ ನೀರಿನ ಹಾಗೆ ಬಂದು ಕಾಲು ಮುಟ್ಟಿ ಹೋಗುತ್ತಿತ್ತು. ಕರಾವಳಿಯಲ್ಲಿ ಬೆಳೆದ ನಮಗೆ ಇದು ನಂಬಲಾಗದ ನೋಟ. ನಮ್ಮ ಕಡೆ ಜೂನ್, ಜುಲೈಯಲ್ಲಿ ಕಡಲಿನ ಸದ್ದು ಮನೆಯೊಳಗೆ ಕೇಳಿಸುತ್ತದೆ. ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಯೇ ಬಂದ್ ಇರುತ್ತದೆ.

ಮೊದಲನೇ ದೋಣಿಯ ವಿಷಯ ಹೇಳಿಬಿಡುತ್ತೇನೆ. ಎರಡನೇ ದಿನ ಬೀಚಿನಲ್ಲಿ ಟಿಕೆಟ್ ಮಾರುತ್ತಾ ಬಂದವರ ಹತ್ತಿರ ದುಡ್ಡು ಕೊಟ್ಟೆವು. ತಲಾ 25 ಅಮೆರಿಕನ್ ಡಾಲರ್. ಹನ್ನೊಂದಕ್ಕೆ ಹೊರಡುತ್ತೇವೆ ಎಂದಿದ್ದರು, ಹೊರಟಾಗ ಹನ್ನೆರಡೂಕಾಲು. ದೋಣಿ ತುಂಬಾ ಜನ. ನಡುವೆ ಉದ್ದಕ್ಕೆ ಮರದ ತೊಟ್ಟಿಯ ಹಾಗೆ ಮಾಡಿ ತಳಕ್ಕೆ ಗಾಜು ಕೂರಿಸಿರುತ್ತಾರೆ, ಎಲ್ಲರೂ ಅದರ ಸುತ್ತ ಬಗ್ಗಿ ನೋಡಬೇಕು. ಆ ಗಾಜಿಗೆ ಹಸಿರು ಪಾಚಿ ಹಿಡಿದಿತ್ತು, ಮೇಲೆಲ್ಲ ಗೀರು. ಸ್ಪೀಕರಿನ ಅಬ್ಬರಕ್ಕೆ ಪಕ್ಕದವಳ ಮಾತೂ ಕೇಳಿಸುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಹವಳದ ದಿಬ್ಬದ ಹತ್ತಿರ ದೋಣಿ ನಿಲ್ಲಿಸಿ ಎಲ್ಲರನ್ನೂ ನೀರಿಗೆ ಬಿಟ್ಟರು. ಮೂರು ನಾಲ್ಕು ಮಂದಿ ಸುಸ್ತಾಗಿ ಹವಳದ ಮೇಲೇ ನಿಂತುಕೊಂಡರು. ಕಾಲಲ್ಲಿ ಚಪ್ಪಲಿ ಬೇರೆ. ದೋಣಿಯವರು ನೋಡಿಯೂ ಸುಮ್ನೆ ಇದ್ದರು. ನಾನು ಹೋಗಿ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಅಳುವೇ ಬಂತು. ಬಕ್ಕೂ ರೀಫ್ 1973ರಿಂದ ಕಾನೂನಿನ ರಕ್ಷಣೆ ಇರುವ ಜಾಗ. ಮಿದುಳಿನ ಆಕಾರದ ಹವಳ ವರ್ಷಕ್ಕೆ ಬೆಳೆಯುವುದೇ ಕೆಲವು ಮಿಲಿಮೀಟರ್. ನಮ್ಮ ಅಜ್ಜಿ ಹುಟ್ಟುವ ಮೊದಲಿಂದ ಬೆಳೆಯುತ್ತಾ ಬಂದದ್ದನ್ನು ಒಂದು ಚಪ್ಪಲಿ ಕ್ಷಣದಲ್ಲಿ ಕೆಡಿಸಬಹುದು. ಮೊದಲೇ ಅದಕ್ಕೆ ಕಷ್ಟ ಸಾಲದೇ? ಸಮುದ್ರದ ನೀರು ಜಾಸ್ತಿ ಬಿಸಿಯಾದರೆ ಹವಳ ತನ್ನೊಳಗಿರುವ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. 2005ರಲ್ಲಿ, ಮತ್ತೆ 2010ರಲ್ಲಿ ಇಲ್ಲಿ ಹೀಗಾಗಿದೆ.

ಆ ದಿನದ ಊಟವೂ ನಮಗೆ ದಕ್ಕಲಿಲ್ಲ. ನೋ ಮ್ಯಾನ್ಸ್ ಲ್ಯಾಂಡ್ ಎಂಬ ಮರಳಿನ ನಾಲಿಗೆಯಂಥ ಜಾಗಕ್ಕೆ ಕರೆದುಕೊಂಡು ಹೋಗಿ, ಕೆಂಡದ ಮೇಲೆ ಮೀನು, ಕೋಳಿ ಸುಟ್ಟು ಕೊಟ್ಟರು. ಸಸ್ಯಾಹಾರಿಗಳಿಗೆ ಎರಡು ಹೋಳು ಸೌತೆಕಾಯಿ ಮತ್ತು ಬ್ರೆಡ್. ಮೀನು ತಿನ್ನುವ ನಮ್ಮಿಬ್ಬರಿಗೂ ಅವರ ಮುಂದೆ ಕೂತು ತಿನ್ನಲು ಆಗಲಿಲ್ಲ.

ಸಂಜೆ ನಮ್ಮ ಗೆಸ್ಟ್ ಹೌಸ್ ಯಜಮಾನತಿಗೆ ಇದನ್ನೆಲ್ಲ ಹೇಳಿದೆವು. ಅವರಿಗೆ ನಿಜವಾಗಿ ಬೇಸರವಾಯಿತು. "ಬಕ್ಕೂ ಹಳ್ಳಿಯಿಂದ ಹೊರಡುವ ಸಣ್ಣ ದೋಣಿಗೆ ಹೋಗಿ, ನಾನೇ ಹೇಳುತ್ತೇನೆ" ಎಂದರು. ಮತ್ತೆ ದುಡ್ಡು ಹಾಕುವುದಾ ಎಂದು ನಾವು ರಾತ್ರಿಯಿಡೀ ಮಾತಾಡಿದೆವು. ಕೊನೆಗೆ ಟೊರಾಂಟೊದವಳು, "ಇಷ್ಟು ದೂರ ಬಂದು ಅರ್ಧ ನೋಡಿ ಹೋಗುವುದಾ ಮಾರಾಯ್ತಿ?" ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಎರಡನೇ ಸಲ ಹೊರಟದ್ದು ಬೆಳಗ್ಗೆ ಒಂಬತ್ತಕ್ಕೆ. ದೋಣಿಯಲ್ಲಿ ಒಟ್ಟು 9 ಜನ. ದೋಣಿ ನಡೆಸುವವರಿಗೆ ಅರವತ್ತರ ಆಸುಪಾಸು, ಅದೇ ಹಳ್ಳಿಯವರು. ಹತ್ತುವ ಮೊದಲೇ ಎಲ್ಲರನ್ನೂ ಮರಳಲ್ಲಿ ಕೂರಿಸಿ ಮಾತಾಡಿದರು. ಹವಳದ ಮೇಲೆ ಕಾಲಿಡಬಾರದು, ಕೈಯಿಂದ ಮುಟ್ಟಬಾರದು, ಸುಸ್ತಾದರೆ ಕೈ ಎತ್ತಿ, ನಾನೇ ಬರುತ್ತೇನೆ. ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ತುಂಬುತೋಳಿನ ಅಂಗಿ ಹಾಕಿ. ಎಲ್ಲರಿಗೂ ಲೈಫ್ ಜಾಕೆಟ್ ತಾವೇ ಕಟ್ಟಿದರು. ಆಮೇಲೆ ಬಟ್ಟೆ ತಗೊಂಡು ಗಾಜನ್ನು ಒರೆಸಿದರು. ಮನೆಯ ಕನ್ನಡಿ ಒರೆಸುವಷ್ಟು ಮುತುವರ್ಜಿಯಿಂದ.

ಆ ಗಾಜಿನಲ್ಲಿ ಕಂಡದ್ದು ಬೇರೆಯೇ ಲೋಕ. ನೇರಳೆ ಬಣ್ಣದ, ಬೀಸಣಿಗೆಯಂಥ ಹವಳ ನೀರಿನ ಸೆಳೆತಕ್ಕೆ ಮೆಲ್ಲಗೆ ಬಾಗುತ್ತಿತ್ತು. ಜಿಂಕೆ ಕೊಂಬಿನ ಹಾಗೆ ಕವಲೊಡೆದದ್ದು ಕೆಲವು. ಬಿಳುಚಿ ಸತ್ತು ಬೂದಿ ಬಣ್ಣವಾದದ್ದೂ ಇತ್ತು. ಅವರು ಅದನ್ನು ಮುಚ್ಚಿಡಲಿಲ್ಲ, ದೋಣಿ ನಿಲ್ಲಿಸಿ ತೋರಿಸಿದರು. ಹಸಿರು, ನೀಲಿ, ಗುಲಾಬಿ ಎಲ್ಲ ಒಂದೇ ಮೈಯಲ್ಲಿರುವ ಪ್ಯಾರಟ್ ಫಿಶ್ ಬಂತು. ಇವು ಹವಳದ ಕಲ್ಲನ್ನೇ ಕೊರೆದು ತಿನ್ನುತ್ತವೆ, ಹೊಟ್ಟೆಯಲ್ಲಿ ಪುಡಿಯಾಗಿ ಹೊರಗೆ ಬರುವುದು ಬಿಳಿ ಮರಳು. ಇಲ್ಲಿನ ದಡದ ಮರಳಿನಲ್ಲಿ ಅದರ ಪಾಲೂ ಇದೆ ಎಂದು ತಿಳಿದ ಮೇಲೆ ಬೀಚಿನಲ್ಲಿ ಕಾಲಿಡುವಾಗಲೂ ಅದೇ ನೆನಪು. ಇನ್ನೊಂದು ವಿಷಯ ಗಮನಿಸಿದೆ. ಅವರು ಲಂಗರು ಹಾಕಲಿಲ್ಲ. ಅಲ್ಲಿ ಮೊದಲೇ ನೀರಲ್ಲಿ ತೇಲಲು ಬಿಟ್ಟಿದ್ದ ಬುರುಡೆಗೆ ದೋಣಿಯನ್ನು ಕಟ್ಟಿದರು. ಲಂಗರು ಎಳೆದಾಡಿದರೆ ಹವಳ ಮುರಿಯುತ್ತದೆ.

ರೀಫಿನಿಂದ ಮುಂದೆ ನೈಲಾನ್ ಪೂಲ್. ಹೆಸರು ಪೂಲ್ ಅಂತ, ಆದರೆ ಗೋಡೆ ಕಟ್ಟಿದ ಕೊಳವಲ್ಲ. ದಡದಿಂದ ಅಷ್ಟು ದೂರದಲ್ಲಿ, ನಡು ಸಮುದ್ರ ಅನ್ನಿಸುವ ಜಾಗದಲ್ಲಿ, ನೆಲ ಸೊಂಟದ ಆಳಕ್ಕೆ ಏಳುತ್ತದೆ. ಕೆಳಗೆ ಬರೀ ಬಿಳಿ ಮರಳು. ಬ್ರಿಟನ್ನಿನ ರಾಜಕುಮಾರಿ ಮಾರ್ಗರೆಟ್ ಮದುವೆಯಾದ ಹೊಸತರಲ್ಲಿ ಇಲ್ಲಿಗೆ ಬಂದು, ನೀರು ತನ್ನ ನೈಲಾನ್ ಕಾಲ್ಚೀಲದಷ್ಟು ತಿಳಿಯಾಗಿದೆ ಎಂದದ್ದಕ್ಕೆ ಈ ಹೆಸರು ಬಂತು ಎಂದು ಊರಿನವರು ಹೇಳುತ್ತಾರೆ. ಇಲ್ಲಿ ಮಿಂದರೆ ವಯಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆಯೂ ಇದೆ.

ಇಲ್ಲಿ ನಾನು ಶುಭಾಳ ವಿಷಯ ಹೇಳಬೇಕು. ಅವಳು ಹುಟ್ಟಿದ್ದು ಮರವಂತೆಯ ಹತ್ತಿರ. ಮನೆಯ ಅಂಗಳದಿಂದ ಸಮುದ್ರ ಕಾಣುತ್ತದೆ. ಆದರೂ ನಲವತ್ತಮೂರು ವರ್ಷದಲ್ಲಿ ಮೊಣಕಾಲಿಗಿಂತ ಮೇಲೆ ಸಮುದ್ರದ ನೀರು ಮುಟ್ಟಿಸಿಕೊಂಡವಳಲ್ಲ. ಅವಳು ಐದನೇ ಕ್ಲಾಸಿನಲ್ಲಿದ್ದಾಗ ನೆರೆಮನೆಯ ಹುಡುಗನನ್ನು ಮಳೆಗಾಲದ ಅಲೆ ಎಳೆದುಕೊಂಡು ಹೋಗಿತ್ತು. "ಸಮುದ್ರ ಇರುವುದು ನೋಡಲಿಕ್ಕೆ, ಇಳಿಯಲಿಕ್ಕಲ್ಲ" ಎಂದು ಅವಳಮ್ಮ ದಿನಾ ಹೇಳುತ್ತಿದ್ದರಂತೆ. ಮೊದಲನೇ ದೋಣಿಯಲ್ಲಿ ಅವಳು ಕೂತಲ್ಲಿಂದ ಏಳಲೇ ಇಲ್ಲ. ಯಾರೂ ಕೇಳಲೂ ಇಲ್ಲ.

ಈ ಸಲ ದೋಣಿಯವರು ಅವಳನ್ನು ನೋಡಿದರು. ಒತ್ತಾಯ ಮಾಡಲಿಲ್ಲ. ತಾವೇ ಮೊದಲು ಇಳಿದು ನಿಂತರು, ನೀರು ಅವರ ಸೊಂಟದ ಹತ್ತಿರ ಇತ್ತು. ಎರಡೂ ಕೈ ಮೇಲೆತ್ತಿ ತೋರಿಸಿದರು. "ನನ್ನ ಕಾಲ ಬೆರಳು ಕಾಣುತ್ತಿದೆಯಾ? ಎಷ್ಟು, ಎಣಿಸು" ಎಂದರು. ಶುಭಾ ಮೇಲಿನಿಂದಲೇ ಎಣಿಸಿದಳು. ಹತ್ತೂ ಕಾಣುತ್ತಿದ್ದವು. ಆಮೇಲೆ ಏಣಿ ಇಳಿಸಿದರು. ಒಂದೊಂದು ಮೆಟ್ಟಿಲಿಗೂ ಅವಳು ನಿಂತಳು. ಕೊನೆಯ ಮೆಟ್ಟಿಲಲ್ಲಿ ಐದು ನಿಮಿಷವಾದರೂ ನಿಂತಿರಬೇಕು. ಉಳಿದ ಐದು ಜನ ಅಪರಿಚಿತರು, ಒಬ್ಬರೂ ಅವಸರ ಮಾಡಲಿಲ್ಲ. ಕಾಲು ಮರಳಿಗೆ ತಾಗಿದಾಗ ಅವಳು ಏನೂ ಮಾತಾಡಲಿಲ್ಲ. ನನ್ನ ಕೈ ಹಿಡಿದುಕೊಂಡು ಸುತ್ತಲೂ ನೋಡಿದಳು. ಎಲ್ಲಾ ಕಡೆ ನೀರು, ನಡುವೆ ಅವಳು ನಿಂತಿದ್ದಾಳೆ. ಆಮೇಲೆ ನನ್ನ ಕೈ ಬಿಟ್ಟಳು. ನಲವತ್ತು ನಿಮಿಷ ಹೊರಗೆ ಬರಲಿಲ್ಲ.

ದೋಣಿಯಲ್ಲಿ ಊಟಕ್ಕೆ ಬೇಯಿಸಿದ ಗೆಡ್ಡೆಗೆಣಸು, ಹಸಿ ಬಾಳೆಕಾಯಿ ಇತ್ತು. ಇದಕ್ಕೆ ಅವರು ಪ್ರೊವಿಷನ್ ಎನ್ನುತ್ತಾರೆ. ಜೊತೆಗೆ ಕಲಾಲೂ. ಇದನ್ನು ಬಿಡಬೇಡಿ. ಕೆಸುವಿನ ಎಲೆ, ಬೆಂಡೆಕಾಯಿ, ತೆಂಗಿನ ಹಾಲು ಹಾಕಿ ಗೊಜ್ಜಿನ ಹಾಗೆ ಬೇಯಿಸಿದ್ದು. ಬಾಯಿಗಿಟ್ಟ ಕೂಡಲೇ ಮಳೆಗಾಲದ ಮನೆ ನೆನಪಾಯಿತು. ಸಾಮಾನ್ಯವಾಗಿ ಏಡಿ ಹಾಕುತ್ತಾರೆ, ಹಾಗಾಗಿ ಸಸ್ಯಾಹಾರಿಗಳು ಮೊದಲೇ ಕೇಳಿ. ನಾವು ಹಿಂದಿನ ದಿನವೇ ಹೇಳಿದ್ದೆವು, ನಮಗಾಗಿ ಬೇರೆ ಪಾತ್ರೆಯಲ್ಲಿ ಮಾಡಿಸಿ ತಂದಿದ್ದರು. ನಮ್ಮ ಜೀಗುಜ್ಜೆಯೂ ಅಲ್ಲಿ ಎಲ್ಲಾ ಹಿತ್ತಲಲ್ಲಿದೆ. ಪೋಡಿ ಮಾಡುವುದು ಹೇಗೆ ಎಂದು ನಾನು ಗೆಸ್ಟ್ ಹೌಸಿನವರಿಗೆ ಹೇಳಿಕೊಟ್ಟು ಬಂದಿದ್ದೇನೆ.

ಬೆಳಗಿನ ತಿಂಡಿಗೆ ಎಂಟರಲ್ಲಿ ಆರು ದಿನ ಡಬಲ್ಸ್. ಅರಿಶಿನ ಹಾಕಿದ, ಪೂರಿಯಂಥ ಮೆತ್ತಗಿನ ಎರಡು ಬಾರಾ, ನಡುವೆ ಕಡಲೆಯ ಪಲ್ಯ, ಮೇಲೆ ಹುಣಸೆ ಚಟ್ನಿ, ಸೌತೆಕಾಯಿ, ಖಾರ. ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ನಿಂತೇ ತಿನ್ನಬೇಕು. ಒಂದು ಅಮೆರಿಕನ್ ಡಾಲರ್ ಆಸುಪಾಸು ಅಷ್ಟೇ. ಖಾರ ಎಷ್ಟು ಎಂದು ಕೇಳಿದರೆ "ಸ್ಲೈಟ್" ಎನ್ನಿ, ಅದೇ ಸಾಕಷ್ಟು ಖಾರ ಇರುತ್ತದೆ. 1845ರ ಮೇ 30ರಂದು ಫತೇಲ್ ರಝಾಕ್ ಎಂಬ ಹಡಗಿನಲ್ಲಿ ಮೊದಲ ಭಾರತೀಯ ಕೂಲಿಗಳು ಟ್ರಿನಿಡಾಡಿಗೆ ಬಂದಿಳಿದರು. ಕಬ್ಬಿನ ತೋಟದಲ್ಲಿ ದುಡಿಯಲು ಬಂದವರು. ಅವರ ಮೊಮ್ಮಕ್ಕಳ ಕಾಲದ ತಿಂಡಿ ಇದು. ಗಾಡಿಯಲ್ಲಿ ಮಾರುತ್ತಿದ್ದ ಹೆಂಗಸು ಆಲೂ, ಬೈಗನ್, ಜೀರಾ ಎಂದು ಹೇಳುವಾಗ ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು.

ಉಳಿದ ದಿನಗಳಲ್ಲಿ 1776ರಿಂದಲೂ ಕಾಯ್ದಿಟ್ಟ ಮೇನ್ ರಿಡ್ಜ್ ಕಾಡಿಗೆ ಹೋದೆವು, ಒಂದು ರಾತ್ರಿ ದೊಡ್ಡ ಲೆದರ್‌ಬ್ಯಾಕ್ ಆಮೆ ಮೊಟ್ಟೆ ಇಡುವುದನ್ನು ದೂರದಿಂದ ನೋಡಿದೆವು. ಮಾರ್ಚಿನಿಂದ ಆಗಸ್ಟ್‌ವರೆಗೆ ಹೋದರೆ ನಿಮಗೂ ಕಾಣಬಹುದು. ಅದರ ಬಗ್ಗೆ ಬರೆದರೆ ಇಷ್ಟೇ ಉದ್ದವಾಗುತ್ತದೆ.

ದೋಣಿಗೆ ಹೋಗುವವರಿಗೆ ಕೆಲವು ಮಾತು. ಬೆಳಗ್ಗೆ ಹೋಗಿ, ಗಾಳಿ ಕಡಿಮೆ ಇರುತ್ತದೆ, ನೀರು ಕಲಕಿರುವುದಿಲ್ಲ. ಹಿಂದಿನ ರಾತ್ರಿ ಜೋರು ಮಳೆ ಬಂದಿದ್ದರೆ ಒಂದು ದಿನ ಮುಂದಕ್ಕೆ ಹಾಕಿ. ಜುಲೈ ಅಲ್ಲಿ ಮಳೆಯ ಕಾಲ, ಬಂದು ಹೋಗುವ ಮಳೆ. ದುಡ್ಡು ಕೊಡುವ ಮೊದಲು ದೋಣಿಯ ಗಾಜು ನೋಡಿ, ಎಷ್ಟು ಜನರನ್ನು ಹತ್ತಿಸುತ್ತೀರಿ ಎಂದು ಕೇಳಿ, ಹವಳದ ಹತ್ತಿರ ದೋಣಿ ಹೇಗೆ ನಿಲ್ಲಿಸುತ್ತೀರಿ ಎಂದೂ ಕೇಳಿ. ಎರಡನೇ ದೋಣಿಯವರು ನಮ್ಮಿಂದ ತಗೊಂಡದ್ದು ತಲಾ 30 ಡಾಲರ್, ಊಟ ಸೇರಿ. ದೋಣಿಯಲ್ಲಿ ಶೌಚಾಲಯ ಇರಲಿಲ್ಲ, ಎರಡೂವರೆ ಗಂಟೆ ಆಗುತ್ತದೆ. ಗಾಜನ್ನೇ ನೋಡುತ್ತಾ ಕೂತರೆ ಕೆಲವರಿಗೆ ತಲೆ ಸುತ್ತುತ್ತದೆ, ನಡುನಡುವೆ ತಲೆ ಎತ್ತಿ ದೂರ ನೋಡಿ.

ನಿಮ್ಮ ಜೊತೆ ನೀರಿಗೆ ಇಳಿಯಲು ಹೆದರುವವರು ಇದ್ದರೆ, ಅದನ್ನು ದೋಣಿಯವರಿಗೆ ಮೊದಲೇ ಹೇಳಿಬಿಡಿ. ಏಣಿ ಇದೆಯಾ ಎಂದು ಕೇಳಿ. ಶುಭಾ ಆ ಸಂಜೆ ಅಮ್ಮನಿಗೆ ವಿಡಿಯೋ ಕಳಿಸಿದಳು. ಮರವಂತೆಯಲ್ಲಿ ಆಗ ಬೆಳಗಿನ ಜಾವ. ಬೆಳಗ್ಗೆ ನಾವು ಡಬಲ್ಸ್ ತಿನ್ನುತ್ತಿದ್ದಾಗ ಫೋನ್ ಬಂತು. ವಿಡಿಯೋವನ್ನು ನಾಲ್ಕು ಸಲ ನೋಡಿದ್ದರಂತೆ. "ಅಲ್ಲಿ ಅಲೆಯೇ ಇಲ್ಲವಲ್ಲಾ ಮಗಾ, ಇನ್ನು ಸ್ವಲ್ಪ ಹೊತ್ತು ನಿಲ್ಲಬಹುದಿತ್ತು" ಎಂದರು.