ವಿಮಾ ಏಜೆಂಟ್‌ಗೆ ಮನೆಯ ಕೋಣೆಯೋ, ಬಾಡಿಗೆ ಆಫೀಸೋ? ಮೂರು ಜಾಗಗಳ ರಿವ್ಯೂ

ಮೂರೂ ಥರದ ಜಾಗದಲ್ಲಿ ಕೂತು ಪಾಲಿಸಿ ಮಾಡಿದ್ದೇನೆ. ಮನೆಯ ಕೋಣೆ, ರಸ್ತೆ ಬದಿಯ ಬಾಡಿಗೆ ಆಫೀಸು, ಗಂಟೆ ಲೆಕ್ಕದಲ್ಲಿ ಜಾಗ ಕೊಡುವ ಕೋವರ್ಕಿಂಗ್. ಹೊಸದಾಗಿ ಏಜೆನ್ಸಿ ತಗೊಂಡವರು ಬಾಡಿಗೆ ಎಷ್ಟು, ಬೋರ್ಡ್ ಕಾಣುತ್ತಾ, ಗಾಡಿ ನಿಲ್ಲಿಸೋಕೆ ಆಗುತ್ತಾ ಅಂತ ಕೇಳ್ತಾರೆ. ಕೇಳಬೇಕಾದ್ದೇ. ನಾನು ಮಾತ್ರ ಈಗ ಯಾವ ಜಾಗಕ್ಕೆ ಹೋದರೂ ಮೊದಲು ನೋಡುವುದು ಇಷ್ಟೇ: ಇಲ್ಲಿ ಕೂತ ಗ್ರಾಹಕರು ತಮ್ಮ ಕಾಯಿಲೆ ವಿಷಯ ಬಾಯಿಬಿಟ್ಟು ಹೇಳ್ತಾರಾ?

ಯಾಕೆ ಅಂದ್ರೆ, ಪಾಲಿಸಿಗೆ ಅರ್ಜಿ ಹಾಕುವ ಪ್ರಪೋಸಲ್ ಫಾರ್ಮ್‌ನಲ್ಲಿ ಹೆಸರು, ವಯಸ್ಸು, ಉದ್ಯೋಗ ಮುಗಿದ ಮೇಲೆ ಆರೋಗ್ಯದ ಪ್ರಶ್ನೆಗಳು ಶುರುವಾಗುತ್ತವೆ. ಸಿಗರೇಟು ಸೇದ್ತೀರಾ, ಕುಡೀತೀರಾ, ಎಷ್ಟು, ಸಕ್ಕರೆ ಕಾಯಿಲೆ ಇದೆಯಾ, ಹಿಂದೆ ಬೇರೆ ಕಂಪನಿ ನಿಮ್ಮ ಅರ್ಜಿ ವಾಪಸ್ ಕಳಿಸಿತ್ತಾ. ಇದನ್ನು ಅವರದೇ ಮನೆಯ ಹಾಲ್‌ನಲ್ಲಿ ಕೂತು ಕೇಳಿ ನೋಡಿ. ಒಂದು ಸಲ ಒಳಕೋಣೆಯ ಬಾಗಿಲ ಕಡೆ ಕಣ್ಣು ಹಾಯಿಸಿ, ಸ್ವಲ್ಪ ಗಟ್ಟಿಯಾಗೇ ‘ಇಲ್ಲ ಅಂತ ಬರ್ಕೊಳ್ಳಿ’ ಅಂತಾರೆ. ಅಪ್ಪ ಪಕ್ಕದಲ್ಲೇ ಕೂತಿರುವಾಗ ಸಿಗರೇಟು ಸೇದ್ತೀನಿ ಅಂತ ಯಾವ ಮಗ ಒಪ್ಪಿಕೊಳ್ತಾನೆ? ಆ ‘ಇಲ್ಲ’ ವರ್ಷಗಳಾದ ಮೇಲೆ ಕ್ಲೇಮ್ ಫೈಲ್‌ನಲ್ಲಿ ಎದ್ದು ಬರುತ್ತದೆ. ಆಸ್ಪತ್ರೆ ದಾಖಲೆಯಲ್ಲಿ ಒಂದು, ಫಾರ್ಮ್‌ನಲ್ಲಿ ಇನ್ನೊಂದು. ಆಗ ಮನೆಯವರು ಮೊದಲು ಹುಡುಕಿಕೊಂಡು ಬರುವುದು ಏಜೆಂಟನ್ನೇ.

ವಿಮೆಯಲ್ಲಿ ಗೊತ್ತಿರುವ ಸಂಗತಿ ಮುಚ್ಚಿಡಬಾರದು ಅನ್ನುವ ನಿಯಮ ನಾವೆಲ್ಲ ಪರೀಕ್ಷೆಗೆ ಓದಿದ್ದೇ. ಇಂಗ್ಲೆಂಡಿನಲ್ಲಿ 1766ರ ಕಾರ್ಟರ್ ವಿರುದ್ಧ ಬೋಮ್ ಮೊಕದ್ದಮೆಯಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹೇಳಿದ ಮಾತು ಅದು. ಸರಿ, ಮುಚ್ಚಿಡಬಾರದು. ಆದರೆ ಬಾಯಿ ಬಿಡೋಕೆ ಬಾಗಿಲು ಹಾಕಿಕೊಳ್ಳುವ ಒಂದು ಜಾಗ ಬೇಕಲ್ವಾ?

ಈಗ ಮನೆಯ ಕೋಣೆ. ಮೇಜಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ರಿನ್ಯೂವಲ್ ಪಟ್ಟಿ ನೋಡುವುದು, ಪ್ರೀಮಿಯಂ ಕಟ್ಟದವರಿಗೆ ಫೋನ್ ಮಾಡುವುದು, ಕೊಟೇಶನ್ ಕಳಿಸುವುದು, ಇವಕ್ಕೆ ಬಾಡಿಗೆ ಕಟ್ಟಿ ಕೂರುವುದು ಸುಮ್ನೆ ದಂಡ. ಈ ಕೆಲಸಕ್ಕೆ ಐದಕ್ಕೆ ಐದು ಕೊಡ್ತೀನಿ. ಗ್ರಾಹಕರನ್ನು ಕೂರಿಸೋಕೆ ಅಂದರೆ ಎರಡು. ನಮ್ಮ ಮನೆಯವರು ಪಕ್ಕದ ಕೋಣೆಯಲ್ಲಿ ಟಿವಿ ನೋಡ್ತಿರ್ತಾರೆ, ಮಕ್ಕಳು ಬಾಗಿಲು ತಳ್ಳಿಕೊಂಡು ಬರ್ತಾರೆ, ಬಂದವರಿಗೆ ಮನೆಗೆ ಬಂದ ನೆಂಟರ ಹಾಗೆ ಮುಜುಗರ. ಇನ್ನೊಂದು ವಿಷಯ, ಎಷ್ಟೋ ಏಜೆಂಟ್‌ಗಳೇ ತಲೆ ಕೆಡಿಸಿಕೊಳ್ಳಲ್ಲ: ಮನೆಗೆ ಮಾಡಿಸಿದ ಸಾಮಾನ್ಯ ವಿಮೆ ಸಾಮಾನ್ಯವಾಗಿ ವ್ಯವಹಾರದ ವಸ್ತುಗಳಿಗೆ, ವ್ಯವಹಾರಕ್ಕೆ ಬಂದವರು ಮೆಟ್ಟಿಲಲ್ಲಿ ಬಿದ್ದರೆ ಆಗುವ ಹೊಣೆಗೆ ಪೂರ್ತಿ ಅನ್ವಯಿಸುವುದಿಲ್ಲ. ಊರಿಗೆಲ್ಲ ಪಾಲಿಸಿಯ ಸಣ್ಣಕ್ಷರ ಓದಿ ಹೇಳುವವರು ನಮ್ಮದನ್ನೂ ಒಮ್ಮೆ ತೆಗೆದು ಓದೋದು ಒಳ್ಳೇದು. ಅಪಾರ್ಟ್‌ಮೆಂಟ್ ಆದರೆ ಅಲ್ಲಿನ ಸಂಘದ ನಿಯಮ ಬೇರೆ. ಮತ್ತೆ ಫೈಲ್‌ಗಳು. ಬೇರೆಯವರ ಮೆಡಿಕಲ್ ರಿಪೋರ್ಟು, ಆದಾಯದ ಕಾಗದ, ಗುರುತಿನ ಚೀಟಿಯ ಪ್ರತಿ ಇರುವ ಬೀರುವಿಗೆ ಬೀಗ ಬೇಕೇ ಬೇಕು. ಮಕ್ಕಳು ಆಟ ಆಡುವ ಕಂಪ್ಯೂಟರ್‌ನಲ್ಲೇ ಗ್ರಾಹಕರ ಲೆಕ್ಕ ಇಡುವುದು ದಯವಿಟ್ಟು ಬೇಡ.

ಬಾಡಿಗೆ ಆಫೀಸಿನ ವಿಷಯಕ್ಕೆ ಬಂದರೆ ದುಡ್ಡಿನ ಲೆಕ್ಕವನ್ನೇ ಮೊದಲು ಮಾತಾಡಬೇಕು. ಜೀವ ವಿಮೆಯಲ್ಲಿ ಕಮಿಷನ್ ಮೊದಲ ವರ್ಷ ಜಾಸ್ತಿ, ಆಮೇಲಿನ ವರ್ಷಗಳಲ್ಲಿ ಬರುವ ರಿನ್ಯೂವಲ್ ಕಮಿಷನ್ ಕಡಿಮೆ. ಒಂದು ತಿಂಗಳು ಎರಡು ದೊಡ್ಡ ಪಾಲಿಸಿ ಆದ ಖುಷಿಗೆ ಆಫೀಸು ಹಿಡಿಯುವವರನ್ನು ಬಹಳ ನೋಡಿದ್ದೇನೆ. ಮುಂದಿನ ತಿಂಗಳು ಹೊಸ ಪಾಲಿಸಿ ಬರಲಿ ಬಿಡಲಿ, ಬಾಡಿಗೆ ಬಂದೇ ಬರುತ್ತದೆ. ಹಾಗಾಗಿ ಬಾಡಿಗೆಯನ್ನು ಹೊಸ ಪಾಲಿಸಿಯ ಕಮಿಷನ್ ಜೊತೆ ಹೋಲಿಸಲೇಬೇಡಿ, ವರ್ಷದಲ್ಲಿ ತೀರಾ ಮಂದವಾಗಿರುವ ತಿಂಗಳ ರಿನ್ಯೂವಲ್ ಕಮಿಷನ್ ಪಕ್ಕ ಇಟ್ಟು ನೋಡಿ, ಅಷ್ಟರಿಂದಲೇ ಬಾಡಿಗೆ, ಕರೆಂಟು, ನೆಟ್ಟು, ಕಸ ಗುಡಿಸುವವರ ಸಂಬಳ ಎಲ್ಲ ಕಳೆದು ಏನಾದರೂ ಮಿಕ್ಕರೆ ಮುಂದೆ ಹೋಗಿ. ಗ್ರಾಹಕರು ಪ್ರೀಮಿಯಂ ಕಟ್ಟದೆ ಪಾಲಿಸಿಗಳು ಲ್ಯಾಪ್ಸ್ ಆದರೆ ಆ ರಿನ್ಯೂವಲ್ಲೂ ಹೋಗುತ್ತದೆ ಅನ್ನೋದು ನೆನಪಿರಲಿ. ಇನ್ನು ಅಡ್ವಾನ್ಸ್, ಪ್ರತಿ ವರ್ಷದ ಏರಿಕೆ, ಮಧ್ಯದಲ್ಲಿ ಬಿಟ್ಟು ಹೋಗೋಕೆ ಬಿಡದ ಲಾಕ್-ಇನ್ ಅವಧಿ ಇದ್ದೇ ಇವೆ. ಮಾಲೀಕರು ಕಟ್ಟಡಕ್ಕೆ ವಿಮೆ ಮಾಡಿಸಿದ್ದಾರೆ ಅಂತ ನೆಮ್ಮದಿಯಾಗಿರಬೇಡಿ, ಒಳಗಿರುವ ನಿಮ್ಮ ಲ್ಯಾಪ್‌ಟಾಪ್, ಪ್ರಿಂಟರ್ ಅದರಲ್ಲಿ ಬರಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಬಾಡಿಗೆ ಆಫೀಸಿಗೆ ನನ್ನಿಂದ ಒಳ್ಳೆ ಅಂಕ ಇದೆ, ಅದು ಕ್ಲೇಮ್ ವಿಷಯಕ್ಕೆ. ಗಂಡ ತೀರಿಕೊಂಡ ಹೆಂಗಸು ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಸಿಕ್ಕ ಕಾಗದವನ್ನೆಲ್ಲ ತುಂಬಿಕೊಂಡು ಬರ್ತಾರೆ. ಮೇಜಿನ ಮೇಲೆ ಸುರಿದು, ಮರಣ ಪ್ರಮಾಣಪತ್ರ ಒಂದು ಕಡೆ, ಪಾಲಿಸಿಯ ಮೂಲ ಬಾಂಡ್ ಒಂದು ಕಡೆ, ನಾಮಿನಿಯ ಗುರುತಿನ ಚೀಟಿ, ಬ್ಯಾಂಕ್ ವಿವರ ಅಂತ ಒಂದೊಂದಾಗಿ ಆರಿಸಬೇಕು. ಮಧ್ಯದಲ್ಲಿ ಹಳೇ ಕರೆಂಟ್ ಬಿಲ್ಲು, ಮಕ್ಕಳ ಶಾಲೆಯ ರಸೀದಿ ಎಲ್ಲ ಬರುತ್ತವೆ. ಅವರು ಅತ್ತರೆ ಅಳೋಕೂ ಬಿಡಬೇಕು. ಇದಕ್ಕೆ ದೊಡ್ಡ ಮೇಜು, ಮುಚ್ಚುವ ಬಾಗಿಲು, ಯಾವ ಹೊತ್ತಿಗೆ ತೆರೆದಿರುತ್ತೆ ಅಂತ ಎಲ್ಲರಿಗೂ ಗೊತ್ತಿರುವ ಜಾಗ ಬೇಕು. ಏಜೆಂಟ್ ಮನೆಗೆ ಹೋಗೋದು ಹೇಗಪ್ಪಾ ಅಂತ ಹಿಂಜರಿಯುವವರು ಆಫೀಸಿಗೆ ಧೈರ್ಯವಾಗಿ ಬರ್ತಾರೆ.

ಒಂದು ಎಚ್ಚರಿಕೆ. ಪ್ಲೈವುಡ್ ಪಾರ್ಟಿಷನ್ ಹೊಡೆದು ‘ಕ್ಯಾಬಿನ್ ಇದೆ’ ಅನ್ನುವ ಆಫೀಸುಗಳು ಬೇಕಾದಷ್ಟಿವೆ. ಹಿಡಿಯೋ ಮುಂಚೆ ಜೊತೆಗೊಬ್ಬರನ್ನು ಕರ್ಕೊಂಡು ಹೋಗಿ. ಅವರು ಒಳಗೆ ಕೂತು ಆರೋಗ್ಯದ ಪ್ರಶ್ನೆಗಳನ್ನು ಮಾಮೂಲಿ ದನಿಯಲ್ಲಿ ಓದಲಿ, ನೀವು ಹೊರಗಿನ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳಿ. ಪಾರ್ಟಿಷನ್ ಮೇಲುಗಡೆ ಸೀಲಿಂಗ್‌ವರೆಗೆ ಹೋಗದಿದ್ದರೆ ಒಂದಕ್ಷರ ಬಿಡದೆ ಕೇಳುತ್ತದೆ.

ಕೋವರ್ಕಿಂಗ್ ಬಗ್ಗೆ ನಮ್ಮವರಿಗೆ ಸ್ವಲ್ಪ ತಾತ್ಸಾರ. ಆದರೆ ಲಂಡನ್ನಿನ ಲಾಯ್ಡ್ಸ್ ಅನ್ನುವ ಹೆಸರಾಂತ ವಿಮಾ ಮಾರುಕಟ್ಟೆ ಬೆಳೆದದ್ದು ಎಡ್ವರ್ಡ್ ಲಾಯ್ಡ್ ಅನ್ನುವವನ ಕಾಫಿ ಹೌಸ್‌ನಲ್ಲಿ, 1688ರಲ್ಲೇ ಅದರ ಹೆಸರು ಪತ್ರಿಕೆಯಲ್ಲಿ ಬಂದಿತ್ತು. ಹಡಗಿನ ವಿಮೆ ಮಾಡುವವರು ಪರರ ಮೇಜಿನಲ್ಲಿ ಕೂತೇ ವ್ಯವಹಾರ ಮಾಡಿದರು, ನಮಗೇನು ಬಿಗುಮಾನ! ಹಾಗಂತ ತೆರೆದ ಹಾಲ್‌ನಲ್ಲಿ ಕೂತು ಫಾರ್ಮ್ ತುಂಬಿಸಬೇಡಿ. ಗಾಜಿನ ಕ್ಯಾಬಿನ್ ಕೂಡ ನೋಡೋಕೆ ಚೆಂದ ಅಷ್ಟೇ. ಎಲ್ಲರೂ ಬಳಸುವ ಪ್ರಿಂಟರ್ ಇನ್ನೂ ಅಪಾಯ, ಯಾರದೋ ರಕ್ತ ಪರೀಕ್ಷೆಯ ರಿಪೋರ್ಟು ಟ್ರೇಯಲ್ಲೇ ಉಳಿದುಬಿಟ್ಟಿರುತ್ತದೆ. ಗಂಟೆ ಲೆಕ್ಕದಲ್ಲಿ ಸಿಗುವ ಗೋಡೆ ಇರುವ ಮೀಟಿಂಗ್ ರೂಮ್ ಮಾತ್ರ ಒಳ್ಳೆ ವ್ಯವಸ್ಥೆ. ಬೇಕಾದ ದಿನ ದುಡ್ಡು ಕೊಟ್ಟರಾಯ್ತು.

ಒಬ್ಬರೇ ಕೆಲಸ ಮಾಡ್ತಾ ಜೀವ ವಿಮೆ, ಆರೋಗ್ಯ ವಿಮೆ ನೋಡಿಕೊಳ್ಳುವವರಾದರೆ ಮನೆಯ ಮೇಜು ಮತ್ತು ಆ ಗಂಟೆ ಲೆಕ್ಕದ ರೂಮ್, ಎರಡೂ ಸೇರಿದರೆ ಸಾಕು. ಈಗ ನಾನೂ ಅದರಲ್ಲೇ ಇದ್ದೇನೆ. ವಾಹನ ವಿಮೆ, ಅಂಗಡಿ ವಿಮೆ ಜಾಸ್ತಿ ಮಾಡುವವರ ಕಥೆ ಬೇರೆ. ಪಾಲಿಸಿ ಮುಗಿಯುವ ದಿನ ಓಡಿಬರುವ ಗಿರಾಕಿ ಬೋರ್ಡ್ ನೋಡಿಯೇ ಒಳಗೆ ಬರುವುದು, ಅವರಿಗೆ ನೆಲಮಹಡಿಯ ಸಣ್ಣ ಬಾಡಿಗೆ ಆಫೀಸೇ ಸರಿ. ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಂಡರೂ ಅಷ್ಟೇ, ದಿನವಿಡೀ ಹೊರಗಿನವರೊಬ್ಬರನ್ನು ಮನೆಯಲ್ಲಿ ಕೂರಿಸಿಕೊಳ್ಳೋದು ಎರಡೂ ಕಡೆಯವರಿಗೆ ಕಷ್ಟ.

ಆಫೀಸು ಹಿಡಿಯುವುದೇ ಅಂತ ತೀರ್ಮಾನವಾದರೆ ಕರಾರಿಗೆ ಒಂದು ಸಾಲು ಸೇರಿಸಿ. ನಮ್ಮ ಗ್ರಾಹಕರಲ್ಲಿ ಕೆಲವರು ವರ್ಷಕ್ಕೆ ಒಂದೇ ಸಲ ಬರುವವರು, ಇನ್ನು ಕೆಲವರು ಕಷ್ಟ ಬಂದಾಗ ಮಾತ್ರ ಬರುವವರು. ಅವರ ಕೈಯಲ್ಲಿರುವುದು ಹಳೇ ವಿಸಿಟಿಂಗ್ ಕಾರ್ಡು. ಜಾಗ ಖಾಲಿ ಮಾಡಿದ ಮೇಲೂ ಒಂದು ವರ್ಷ ಹೊಸ ವಿಳಾಸದ ಚೀಟಿ ಬಾಗಿಲ ಮೇಲೆ ಇರಲು ಬಿಡ್ತೀರಾ ಅಂತ ಮಾಲೀಕರನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ. ಆಮೇಲೆ ಕೇಳಿದರೆ ಒಪ್ಪಲ್ಲ.